ಕಲ್ಲಿನ ಬೋನು

ಸೌದಿಯ ರಾಸ್ ಅಲ್ ಖೈರ್‌ನಲ್ಲಿ ಕೆಲಸದ ಹೊತ್ತು ಕಲ್ಲು ಕೊಯ್ಯುವ ಧೂಳು ಮೂಗಿಗೆ ಬಡಿದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ತಂದೆ, ಅಬ್ಬ, ಆಗ ಜಿದ್ದಾದಿಂದ ದೂರದ ತೋಟವೊಂದರಲ್ಲಿ ಕೆಲಸಕ್ಕಿದ್ದರು; ಚಿಕ್ಕ ವಯಸ್ಸಿನ ನಾನೂ ಜೊತೆಗಿದ್ದೆ. ನರಿ ಕೋಳಿ ಹಿಡಿಯುತ್ತಿತ್ತು. ಕಫೀಲನ, ಅಂದರೆ ತೋಟದ ಧಣಿಯ, ಮುದಿ ತಂದೆ ಅಬ್ಬನಿಗೆ ಹಳೆ ಕಾಲದ ಕಲ್ಲಿನ ಬೋನು ಕಟ್ಟಲು ಕಲಿಸಿದರು. ಒರಟು ಕಲ್ಲುಗಳ ಇಕ್ಕಟ್ಟು ಓಣಿ, ಒಳಗೆ ಹಗ್ಗಕ್ಕೆ ಕಟ್ಟಿದ ಮಾಂಸ. ನರಿ ಅದನ್ನು ಎಳೆದರೆ ಬಾಗಿಲಿನ ಚಪ್ಪಡಿ ಬೀಳುತ್ತಿತ್ತು.

“ನೋಡುವವರಿಲ್ಲದಾಗ ಬೋನು ಇಡಬೇಡ. ಒಳಗೇ ಬಾಯಾರಿ ಸಾಯ್ತದೆ,” ಎಂದಿದ್ದರು ಮುದುಕರು.

ಒಂದು ದಿನ ಕಫೀಲ್ ಅಬ್ಬನನ್ನು ಕೆಲಸದಿಂದ ಬಿಡಿಸಿದ. ನಾವು ಊರಿಗೆ ಹೊರಟಾಗ ಮುದುಕರು ಹೊರಗೆ ಬರಲಿಲ್ಲ. ಅಬ್ಬ ಅವರ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ ಪಿಕಪ್ ಹತ್ತಿದರು.

ಅರ್ಧ ದಾರಿಯಲ್ಲಿ ತೊಡೆಗೆ ಹೊಡೆದುಕೊಂಡರು. “ಬೋನು ಹಾಗೇ ಉಂಟು! ಗಾಡಿ ತಿರುಗಿಸು.”

ಉಡುಪಿಯ ಡ್ರೈವರ್ ನಕ್ಕ. “ಎಂತ ಮಾರಾಯ, ನರಿಗೋಸ್ಕರ ವಿಮಾನ ಬಿಡ್ತೀಯಾ? ನಿನ್ನನ್ನು ಕೆಲಸದಿಂದ ಓಡಿಸಿದವರೇ ನೋಡಿಕೊಳ್ಳಲಿ.”

“ಇಟ್ಟದ್ದು ನಾನಲ್ವಾ,” ಎಂದರು ಅಬ್ಬ.

ನಾವು ಹೋದಾಗ ಚಪ್ಪಡಿ ಆಗಲೇ ಬಿದ್ದಿತ್ತು. ಅಬ್ಬ ಮೊಣಕಾಲೂರಿ ಸಂದಿಯಲ್ಲಿ ಇಣುಕಿದರು. ಒಳಗೆ ಏನೂ ಇರಲಿಲ್ಲ. ಪಕ್ಕದ ಜಾಲಿಯ ನೆರಳಿನಲ್ಲಿ ಮುದುಕರು ಬಿಚ್ಚಿದ ಹಗ್ಗ ಸುತ್ತುತ್ತಾ ಕೂತಿದ್ದರು. ಕೈ, ಗಡ್ಡವೆಲ್ಲ ಕಲ್ಲಿನ ಧೂಳು.

“ಬಾಬಾ, ಈ ಬಿಸಿಲಲ್ಲಿ ನೀವ್ಯಾಕೆ ಬಂದಿರಿ?”

“ಮನೆಯಲ್ಲಿ ಮಗ ಇದ್ದ, ಹೊರಗೆ ಬರಲಿಕ್ಕಾಗಲಿಲ್ಲ,” ಎಂದರು ಅವರು, ತಲೆ ಎತ್ತದೆ. “ನೀನು ಇಲ್ಲಿಗೆ ಬರ್ತೀಯ ಅಂತ ಗೊತ್ತಿತ್ತು.”

ರಸ್ತೆಯಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಅಬ್ಬ ಮುದುಕರ ಪಕ್ಕ ನೆಲದ ಮೇಲೆ ಕೂತರು.