ಓಟ ಕೂಗುವವನು

ಕರಿಯ ಮತ್ತೆ ಅರ್ಧ ದಾರಿಯಲ್ಲೇ ನಿಂತುಬಿಟ್ಟ. ಮೆಕ್ಯಾನಿಕ್ ಗಾಜಿನ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟು, ಮೇಜಿನ ಮೇಲೆ ರಸಮಟ್ಟ ಇಟ್ಟು ನೋಡಿದ. ಮೇಜು ಮಟ್ಟವಾಗಿಯೇ ಇತ್ತು. ಅಂದರೆ ತೊಂದರೆ ಇರುವುದು ನಡುವಿನ ಕಂಬಿಯಲ್ಲಿ. ಅವನ ಹೆಂಡತಿ ಟಿಕೆಟ್ ಕಿಟಕಿಯಿಂದ ಎದ್ದು ಬಂದು, ಕೇಳದೆಯೇ ಟಾರ್ಚ್ ಹಿಡಿದಳು.

ಆಟದ ಹಾಲ್‌ನಲ್ಲಿದ್ದ ಯಂತ್ರಗಳಲ್ಲೆಲ್ಲ ಹಳೆಯದು ಅದು. ಹಸಿರು ಬಟ್ಟೆಯ ಮೈದಾನ, ಕರಿಯ, ಕೆಂಚ, ಬಿಳಿಯ, ಬೂದ ಎಂಬ ಬೆರಳುದ್ದದ ತಗಡಿನ ಕುದುರೆಗಳು, ಒಂದೊಂದಕ್ಕೂ ಬೇರೆ ಬೇರೆ ಸುತ್ತು. ಹಿಡಿಕೆ ತಿರುಗಿಸಿ ಬಿಟ್ಟರೆ ಎಲ್ಲವೂ ಒಟ್ಟಿಗೆ ಹೊರಟು, ಸುತ್ತಿ ಸುತ್ತಿ, ಸುಸ್ತಾದಲ್ಲಿ ನಿಲ್ಲುತ್ತವೆ. ಗೆಲುವಿನ ಗೆರೆಗೆ ಹತ್ತಿರ ನಿಂತದ್ದು ಗೆದ್ದ ಹಾಗೆ. ಯಂತ್ರ ಯಾರ ಮುಲಾಜಿಗೂ ಬೀಳದ ಹಾಗೆ ನೋಡಿಕೊಳ್ಳುವುದು ಮೆಕ್ಯಾನಿಕ್‌ನ ಕೆಲಸ. ಪಕ್ಕದಲ್ಲಿ ನಿಂತು, ಯಾವುದು ಮುಂದೆ ಯಾವುದು ಹಿಂದೆ ಎಂದು ಓಟ ಕೂಗುವುದೂ ಅವನದೇ ಆಗಿತ್ತು, ಗಂಟಲಿನ ಆಪರೇಷನ್ ಆಗುವ ತನಕ. ಗಡ್ಡೆಯ ಜೊತೆ ದನಿಯೂ ಹೋಯಿತು.

ಜೀವ ಉಳಿಯಿತಲ್ಲ, ಅಷ್ಟು ಸಾಕು ಎಂದರು ಎಲ್ಲರೂ. ಅವಳೂ ಹಾಗೇ ಅಂದಳು. ಆದರೆ ಮನೆಯಲ್ಲಿ ಅವನು ತುಟಿ ಬಿಗಿದೇ ಇರುತ್ತಿದ್ದ. ಏನು ಬೇಕಾದರೂ ಕೈಯಲ್ಲಿ ತೋರಿಸುತ್ತಿದ್ದ. ಅವಳು ಪಾತ್ರೆ ಬೀಳಿಸಿದರೂ ಬೈಗುಳವಿಲ್ಲ. ಒಂದು ಸಲ ಬೇಕೆಂದೇ ಬೀಳಿಸಿ ನೋಡಿದ್ದಳು. ಅವನು ಬಂದು ಎತ್ತಿಟ್ಟು ಹೋಗಿದ್ದ. ಇಷ್ಟು ವರ್ಷ ಒಟ್ಟಿಗಿದ್ದು ಅವನ ದನಿಯನ್ನು ಎಲ್ಲಿಯೂ ರೆಕಾರ್ಡ್ ಮಾಡಿಟ್ಟುಕೊಳ್ಳಲಿಲ್ಲವಲ್ಲ ಎಂದು ಆವತ್ತು ಅಡುಗೆಮನೆಯಲ್ಲಿ ಕೂತು ಅತ್ತಳು. ದಿನವಿಡೀ ಕಿವಿಗೆ ಬೀಳುತ್ತಿದ್ದದ್ದನ್ನು ಯಾರು ತಾನೇ ಕೂಡಿಡುತ್ತಾರೆ?

ಮ್ಯಾನೇಜರ್ ಮೈಕ್ ಸಮೇತ ಒಂದು ಸ್ಪೀಕರ್ ಹೊತ್ತು ತಂದು ಯಂತ್ರದ ಪಕ್ಕ ಇಟ್ಟ. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ಕೂಗೋರಿಲ್ದೆ ಈ ಯಂತ್ರದ ಹತ್ರ ಜನ ನಿಲ್ತಾನೇ ಇಲ್ಲ. ಇದರಲ್ಲಿ ಕೂಗು ತುಂಬಿಸಿದ್ದೀನಿ. ಗುಂಡಿ ಒತ್ತಿದ್ರೆ ಆಯ್ತು."

"ಯಾವ ಕುದುರೆ ಮುಂದಿದೆ ಅಂತ ಅದಕ್ಕೇನು ಗೊತ್ತು?" ಎಂದಳು ಅವಳು.

"ಗೊತ್ತಾಗ್ಬೇಕಾಗಿಲ್ಲಮ್ಮ. ಹೋ ಅಂತ ಅರಚಿದ್ರೆ ಸಾಕು, ಜನ ಸೇರ್ತಾರೆ."

ಮೆಕ್ಯಾನಿಕ್ ತಲೆ ಎತ್ತಲಿಲ್ಲ. ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮಾತ್ರ ಕ್ಷಣ ಹೊತ್ತು ನಿಂತು, ಮತ್ತೆ ತಿರುಗಿತು. ಕರಿಯನನ್ನು ಹೊತ್ತು ತಿರುಗುವ ಬಿಲ್ಲೆಯನ್ನು ನಡುವಿನ ಕಂಬಿಯಿಂದ ಬಿಡಿಸಿದ. ಎಂದೋ ಬಿಟ್ಟ ಎಣ್ಣೆ ಧೂಳು ಕುಡಿದು ಅಂಟಾಗಿತ್ತು. ಬಟ್ಟೆಯಿಂದ ಉಜ್ಜಿ ತೆಗೆದು, ಸೂಜಿಯ ತುದಿಯಲ್ಲಿ ಒಂದೇ ಹನಿ ಎಣ್ಣೆ ಮುಟ್ಟಿಸಿದ. ಹೆಚ್ಚಾದರೆ ಕರಿಯ ನಿಲ್ಲುವುದೇ ಇಲ್ಲ. ಒಂದೊಂದು ಕುದುರೆಯನ್ನೂ ಬೆರಳಿಂದ ತಳ್ಳಿ ನೋಡಿ, ಗಾಜು ಮುಚ್ಚಿ, ಹೆಂಡತಿಗೆ ಹಿಡಿಕೆ ತೋರಿಸಿದ.

ಬಾಗಿಲು ತೆರೆದಿದ್ದರು, ಜನ ಒಳಗೆ ಬರತೊಡಗಿದ್ದರು. ಅವಳು ಹಿಡಿಕೆ ತಿರುಗಿಸಿದಳು. ಕುದುರೆಗಳು ಹೊರಟವು. ಮ್ಯಾನೇಜರ್‌ನ ಬೆರಳು ಗುಂಡಿಯ ಕಡೆ ಹೋಗುವಷ್ಟರಲ್ಲಿ ಅವಳ ಕಣ್ಣು ಗಂಡನ ಮೇಲೆ ಬಿತ್ತು. ಅವನ ತುಟಿಗಳು ಆಡುತ್ತಿದ್ದವು. ಸದ್ದಿಲ್ಲದೆ, ತನ್ನಷ್ಟಕ್ಕೆ, ಅವನು ಓಟ ಕೂಗುತ್ತಿದ್ದ.

ಅವಳು ಸ್ಪೀಕರ್‌ನ ಮೈಕ್ ಕಿತ್ತುಕೊಂಡಳು. "ಕೆಂಚ ಮುಂದೆ!" ಎಂದಳು. "ಕೆಂಚ ಮುಂದೆ, ಹಿಂದೇನೇ ಬಿಳಿಯ! ಬೂದ ನಿದ್ದೆ ಹೋದ, ಯಾರಾದ್ರೂ ಎಬ್ಬಿಸ್ರಪ್ಪಾ!"

ಯಾರೋ ನಕ್ಕರು. ಹತ್ತಿರ ಬಂದರು. ಮೆಕ್ಯಾನಿಕ್ ತಲೆ ಎತ್ತಿ ಅವಳನ್ನು ನೋಡಿದ. ಅವಳು ತನ್ನ ತುಟಿಯನ್ನೇ ನೋಡುತ್ತಿರುವುದು ಕಂಡು ಒಂದು ಗಳಿಗೆ ಬಾಯಿ ಮುಚ್ಚಿದ. ಆಮೇಲೆ ಪೂರ್ತಿ ಅವಳ ಕಡೆಗೇ ತಿರುಗಿ ನಿಂತು, ಬಾಯಿ ಅಗಲಿಸಿ ಬಿಡಿಸಿ ಬಿಡಿಸಿ ಹೇಳತೊಡಗಿದ.

"ಕರಿಯ ಬಂದ ನೋಡಿ! ಅತ್ತೆ ಮನೇಲಿ ಊಟಕ್ಕೆ ಕರೆದ ಅಳಿಯನ ಹಾಗೆ ಓಡಿ ಬಂದ! ಕೆಂಚನ ಬಾಲ ಹಿಡಿದ, ಕಿವಿ ಹಿಡಿದ..." ಅವಳಿಗೂ ಹುರುಪು ಏರಿತು. ಎಷ್ಟೋ ವರ್ಷ ಕಿಟಕಿಯ ಹಿಂದೆ ಕೂತು ಕೇಳಿದ ಕೂಗು. ಅವನ ತುಟಿ ತೆರೆಯುವ ಮೊದಲೇ ಅವಳ ಬಾಯಿಗೆ ಬರುತ್ತಿತ್ತು. ಜನ ಸುತ್ತ ಕವಿದರು. ಅವನ ತುಟಿ ಆಡಿತು, ಅವಳು ಅದೇ ಭರದಲ್ಲಿ ಮೈಕ್‌ಗೆ ಕೂಗಿಬಿಟ್ಟಳು:

"ನಿಧಾನ ಕಣೇ, ನಾನಿನ್ನೂ ಇಲ್ಲೇ ಇದ್ದೀನಿ!"

ಹಾಲ್ ತುಂಬ ನಗು ಎದ್ದಿತು. ಕುದುರೆಗಳು ಒಂದೊಂದಾಗಿ ನಿಂತವು. "ಯಾವುದಮ್ಮಾ ಗೆದ್ದಿದ್ದು?" ಎಂದು ಯಾರೋ ಕೇಳಿದರು. ಅವಳು ಮೈಕ್ ಇಳಿಸಲಿಲ್ಲ, ಗಾಜಿನೊಳಗೆ ನೋಡಲೂ ಇಲ್ಲ. ಅವನ ತುಟಿ ಇನ್ನೊಮ್ಮೆ ತೆರೆಯುವುದನ್ನೇ ಕಾಯುತ್ತ ನಿಂತಳು.