ಬಾಯಿಪಾಠದ ನಂಬರು

“ಎಲ್ಲಾ ನೋಡಿದ್ರಲ್ಲ, ಒಂದು ಕಾಲ್ ಕೂಡ ಮಾಡಿ ನೋಡ್ಬಿಡಿ ಅಣ್ಣಾ. ನನ್ನ ಸಿಮ್ ಇನ್ನೂ ಅದರಲ್ಲೇ ಇದೆ,” ಎಂದಳು ಹಳೇ ಫೋನ್ ಮಾರುತ್ತಿದ್ದ ನರ್ಸು, ಡ್ಯೂಟಿಗೆ ಹೊರಟು ಬಾಗಿಲಲ್ಲೇ ನಿಂತವಳು. ಅದನ್ನು ಕೊಳ್ಳಲು ಬಂದಿದ್ದ ಪೇಂಟರ್ ಆಗಲೇ ಪರದೆಯ ಮೂಲೆಮೂಲೆಗೂ ಬೆರಳಾಡಿಸಿ, ಚಾರ್ಜರ್ ಚುಚ್ಚಿ, ತನ್ನ ಚಪ್ಪಲಿಯದೇ ಒಂದು ಫೋಟೊ ತೆಗೆದು ನೋಡಿದ್ದ. ಈಗ ಯಾರಿಗೆ ಮಾಡುವುದು? ನಂಬರುಗಳೆಲ್ಲ ಅವನ ಹಿಂದಿನ ಫೋನಿನ ಜೊತೆ ಬಣ್ಣದ ಬಕೆಟ್ಟಿನಲ್ಲಿ ಮುಳುಗಿದ್ದವು. ಬಾಯಿಪಾಠ ಇದ್ದದ್ದು ಒಂದೇ, ಹೆಂಡತಿಯದು. ಜಗಳವಾಡಿ ತವರು ಸೇರಿದವಳು ಅವನ ನಂಬರು ಕಂಡರೆ ಫೋನ್ ಎತ್ತುತ್ತಲೇ ಇರಲಿಲ್ಲ.

ಬೆರಳು ತಾನಾಗಿಯೇ ಒತ್ತಿತು. “ಹಲೋ, ಯಾರು?” ಎಂದಳು ಹೆಂಡತಿ. ಹಿಂದೆ ಹೊಲಿಗೆ ಮಷೀನು ಕಟಕಟ ಓಡುತ್ತಿತ್ತು. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡೇ ಹೊಲಿಯುತ್ತಿದ್ದಾಳೆ, ಕತ್ತು ನೋವು ಬರುತ್ತೆ ಅಂದರೆ ಯಾವತ್ತು ಕೇಳಿದ್ದಾಳೆ? “ಬಟ್ಟೆ ಇನ್ನೂ ಆಗಿಲ್ಲ ಕಣ್ರೀ, ಸಾಯಂಕಾಲ ಬನ್ನಿ.” ಅವನು ಉಸಿರು ಬಿಗಿಹಿಡಿದು ಆ ಕಟಕಟವನ್ನೇ ಕೇಳುತ್ತ ನಿಂತ.

“ಸುಮ್ನೆ ಕೇಳ್ತಾ ನಿಂತ್ರೆ ಮೈಕ್ ಸರಿ ಇದ್ಯೋ ಇಲ್ವೋ ಹೇಗೆ ಗೊತ್ತಾಗುತ್ತೆ? ಏನಾದ್ರೂ ಮಾತಾಡಿ ಅಣ್ಣಾ,” ಎಂದು ನರ್ಸು ಅವಸರ ಮಾಡಿದಳು.

“ಹಲೋ,” ಎಂದ.

ಆ ಕಡೆ ಮಷೀನು ನಿಂತಿತು. ಇನ್ನೇನು ಫೋನ್ ಇಟ್ಟುಬಿಡುತ್ತಾಳೆಂದು ಅವನು ಕಣ್ಣು ಮುಚ್ಚಿಕೊಂಡ. ಇಡಲಿಲ್ಲ.

“ಗಂಟಲು ಕಟ್ಟಿದೆ,” ಎಂದಳು ಹೆಂಡತಿ. “ಮತ್ತೆ ಮೂಗಿಗೆ ಬಟ್ಟೆ ಕಟ್ಕೊಳ್ದೆ ಗೋಡೆ ಉಜ್ಜಿದ್ರಾ?”