ಬೆರಳಿಗೆ ಮರಳಿದ ನೋವು

“ಸ್ಸ್... ಅಮ್ಮಾ!” ಸೂಜಿ ಚುಚ್ಚಿದ್ದೇ ತಡ, ಸೊಸೆ ಹೊಲಿಯುತ್ತಿದ್ದ ಬಿಳಿ ಅಂಗಿಯಿಂದ ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಬಟ್ಟೆಯ ಮೇಲೆ ಒಂದು ಹನಿ ರಕ್ತವೂ ಬಿದ್ದಿರಲಿಲ್ಲ. ಅವಳು ಬೆರಳನ್ನೇ ನೋಡಿ ಜೋರಾಗಿ ನಕ್ಕುಬಿಟ್ಟಳು. “ಅತ್ತೆ, ನೋವಾಯ್ತು! ನಿಜವಾಗ್ಲೂ ನೋವಾಯ್ತು!”

“ಹುಚ್ಚು ಗಿಚ್ಚು ಹಿಡೀತೇನೇ? ನೋವಾದ್ರೆ ಯಾರಾದ್ರೂ ನಗ್ತಾರಾ?” ಎಂದರು ಗುಂಡಿ ಹೊಲಿಯುತ್ತಿದ್ದ ಅತ್ತೆ. ಕಾರಣ ಅವರಿಗೂ ಗೊತ್ತಿತ್ತು. ಹಿತ್ತಲಿನ ಕೊಳವೆಬಾವಿಯ ನೀರಿನಲ್ಲಿದ್ದ ಆರ್ಸೆನಿಕ್ ವರ್ಷಗಟ್ಟಲೆ ಮೈಸೇರಿ ಸೊಸೆಯ ಬೆರಳುಗಳು ಮರಗಟ್ಟಿದ್ದವು. ಚುಚ್ಚಿದ್ದು ತಿಳಿಯದೆ ಎಷ್ಟೋ ಬಟ್ಟೆಗಳಿಗೆ ರಕ್ತದ ಕಲೆಯಾಗಿ, ಗಿರಾಕಿಗಳು ಬೇರೆ ಅಂಗಡಿ ಹಿಡಿದಿದ್ದರು. ಡಾಕ್ಟರು ಹೇಳಿದ ಮೇಲೆ ಸೊಸೆ ದೂರದ ನಲ್ಲಿಯಿಂದ ನೀರು ಹೊತ್ತು ತಂದು ಕುಡಿಯತೊಡಗಿದಳು. ಅತ್ತೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. “ನಮ್ಮ ಯಜಮಾನ್ರು ಕೊರೆಸಿದ ಬಾವಿ. ಅದು ಹೇಗೆ ವಿಷ ಆಗುತ್ತೆ?” ಎನ್ನುತ್ತಿದ್ದರು.

ಈಗ ಅವರು ಎದ್ದು ಬಂದು, ಸೊಸೆಯ ಇನ್ನೊಂದು ಬೆರಳಿಗೆ ತಮ್ಮ ಸೂಜಿಯನ್ನು ಮೆಲ್ಲಗೆ ತಾಗಿಸಿದರು. “ಇದು?”

“ಅಯ್ಯೋ! ಸಾಕು ಬಿಡಿ ಅತ್ತೆ, ಹಳೇ ಸೇಡೆಲ್ಲ ತೀರಿಸ್ಕೋತಿದೀರಾ?”

ಇಬ್ಬರೂ ನಕ್ಕರು. ನಗುತ್ತಲೇ ಅತ್ತೆ ಆ ಸೂಜಿಯನ್ನು ತಮ್ಮ ಹೆಬ್ಬೆರಳಿಗೆ ಒತ್ತಿದರು. ಇನ್ನಷ್ಟು ಒತ್ತಿದರು. ರಕ್ತ ಜಿನುಗಿತು, ಅವರಿಗೆ ಏನೂ ಅನಿಸಲಿಲ್ಲ.

ಬೆರಳನ್ನು ಸೆರಗಿಗೆ ಒರೆಸಿಕೊಂಡು, ತಮ್ಮ ಲೋಟದಲ್ಲಿದ್ದ ಬಾವಿಯ ನೀರನ್ನು ಕಿಟಕಿಯಾಚೆ ಚೆಲ್ಲಿ, ಖಾಲಿ ಲೋಟವನ್ನು ಸೊಸೆಯ ಮುಂದೆ ಹಿಡಿದರು.

“ನಿನ್ನ ನೀರು ತುಂಬ್ಸು. ನಂಗೂ ನೋವಾಗ್ಬೇಕು ಕಣೇ.”